ಶಾಂತಲದೇವಿಯ ಬಿರುದುಗಳು: ಕುಲ, ಧರ್ಮ, ಸ್ತ್ರೀತ್ವ

ಹೊಯ್ಸಳ ವಿಷ್ಣುವರ್ಧನನ ಬಿರುದಾವಳಿಯಲ್ಲಿ ಎರಡು ಕುರುಹುಗಳು ಎದ್ದು ಕಾಣುತ್ತವೆ. ‘ಮಲೆಪರೊಳ್ಗಂಡ’ ಎಂಬುದು ಮಲೆನಾಡಿನ ಮೂಲವನ್ನು ಸೂಚಿಸಿದರೆ, ಯಾದವಕುಲ ಹಾಗೂ ದ್ವಾರಾವತಿಯ ಉಲ್ಲೇಖಗಳು ಆ ಮೂಲಕ್ಕೆ ಪೌರಾಣಿಕ ವಂಶವನ್ನು ಜೋಡಿಸುತ್ತವೆ. ಅರಸನ ಗುರುತು ನೆಲ ಮತ್ತು ಕುಲಗಳದು. ಪಟ್ಟಮಹಿಷಿ ಶಾಂತಲದೇವಿಯ ಗುರುತಾದರೋ ಬೇರೆ ಬಗೆಯದು. ಶಾಸನಗಳು ಆಕೆಯನ್ನು ‘ಸಮ್ಯಕ್ತ್ವಚೂಡಾಮಣಿ’ಯೆಂದೂ ‘ಉದ್ವೃತ್ತಸವತಿಗಂಧವಾರಣೆ’ಯೆಂದೂ ಕೀರ್ತಿಸುತ್ತವೆ. ಮೊದಲನೆಯದು ಶ್ರಾವಿಕೆಯ ಹೆಸರು, ಎರಡನೆಯದು ಅಂತಃಪುರದ್ದು. ಸೊಕ್ಕಿದ ಸವತಿಯರಿಗೆ ಮದದಾನೆ ಎಂಬ ಈ ಬಿರುದೇ, ಆಕೆ 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಮಾಡಿಸಿದ ಶಾಂತಿನಾಥ ಬಸದಿಗೂ ಹೆಸರಾದುದು ಸೋಜಿಗವೇ ಸರಿ!

ಪತಿಯ ಧರ್ಮವೇ ಪತ್ನಿಯ ಧರ್ಮವೆಂದು ಭಾವಿಸುವವರು ಈ ಮನೆತನವನ್ನು ಗಮನಿಸಬೇಕು. ತಂದೆ ಪೆರ್ಗಡೆ ಮಾರಸಿಂಗಯ್ಯ ಶೈವ; ತಾಯಿ ಮಾಚಿಕಬ್ಬೆ ಜಿನಭಕ್ತೆ. ಮಗಳು ತಾಯಿಯ ಮಾರ್ಗವನ್ನು ಹಿಡಿದು ಪ್ರಭಾಚಂದ್ರ ಸಿದ್ಧಾಂತದೇವರ ಗುಡ್ಡಿಯಾದಳು. ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದ ಆರು ವರ್ಷಗಳ ಮೇಲೆ ಆಕೆಯ ಬಸದಿ ಎದ್ದಿತು. ಅದರ ಪೂಜೆಗೆ ಮೊಟ್ಟೆನವಿಲೆ ಗ್ರಾಮವು ದತ್ತಿಯಾಯಿತು. ಅದೇ ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಮಾಡಿಸಿದವಳೂ ಈಕೆಯೇ. ಇದನ್ನು ಮತಾಂತರದ ಸುಳುಹೆಂದು ಬಗೆಯಲಾಗದು. ಅರಸಿಯಾಗಿ ಕೊಟ್ಟುದು ಒಂದು, ಶ್ರಾವಿಕೆಯಾಗಿ ನಡೆದುದು ಇನ್ನೊಂದು.

1131ರಲ್ಲಿ ಶಾಂತಲದೇವಿಯು ಶಿವಗಂಗೆಯಲ್ಲಿ ತೀರಿಕೊಂಡಳು. ಅದು ಶೈವತೀರ್ಥವೆಂಬುದರಿಂದ ಆಕೆಯ ಕೊನೆಯ ನಂಬಿಕೆಯನ್ನು ಅಳೆಯುವುದು ಆತುರದ ತೀರ್ಮಾನವಾದೀತು. ಮಗಳ ಮರಣಾನಂತರ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಆಹಾರವನ್ನು ತ್ಯಜಿಸಿ, ಸನ್ಯಸನವಿಧಿಯಿಂದ ಮುಡಿಪಿದಳು.