ಮಳೆಯಲ್ಲಿ ನಿಂತ ಗೆಲುವು

ಗಾಲ್ಫ್ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಕಾಂಪೌಂಡಿನ ಆಚೆ ಕಾಣುವ ಹಸಿರು, ಅಷ್ಟೆ. ನಾನೂ ಆ ಬಹಳ ಮಂದಿಯಲ್ಲಿ ಒಬ್ಬ. ಆಟ ನನಗೆ ಬಾರದು. ಆಡುವ ಆಸೆಯೂ ಎಂದೂ ಹುಟ್ಟಲಿಲ್ಲ. ಆದರೂ ಒಬ್ಬ ಗಾಲ್ಫ್ ಆಟಗಾರರ ಬದುಕು ನನ್ನನ್ನು ಎಷ್ಟೋ ವರ್ಷಗಳಿಂದ ಕಾಡುತ್ತ ಬಂದಿದೆ. ಅವರು ದಕ್ಷಿಣ ಆಫ್ರಿಕದ ಡರ್ಬನ್ ಊರಿನವರು. ಜನ ಅವರನ್ನು ಕರೆಯುತ್ತಿದ್ದುದು ಪಾಪ್ವಾ ಎಂದು.

ಪೂರ್ತಿ ಹೆಸರು ಸೆವ್‌ಸಂಕರ್ ಸೆವ್‌ಗೋಲಮ್. ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ನಮ್ಮ ಕಿವಿಗೆ ಅದು ಶಿವಶಂಕರ ಶಿವಗುಲಾಮ ಎಂದೇ ಕೇಳುತ್ತದೆ. ಈ ಹೆಸರಿನ ಹಿಂದೆ ಒಂದು ದೊಡ್ಡ ಚರಿತ್ರೆಯಿದೆ. 1860ರಲ್ಲಿ ಮದರಾಸಿನಿಂದ ಒಂದು, ಕಲ್ಕತ್ತೆಯಿಂದ ಒಂದು ಹಡಗು ಕರಾರಿನ ಕೂಲಿಗಳನ್ನು ತುಂಬಿಕೊಂಡು ನೇಟಾಲಿಗೆ ಹೋದವು. ಅಲ್ಲಿನ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿದ್ದರು. 1911ರಲ್ಲಿ ಈ ಸಾಗಣೆ ನಿಲ್ಲುವ ಹೊತ್ತಿಗೆ ಸುಮಾರು ಒಂದೂವರೆ ಲಕ್ಷ ಭಾರತೀಯರು ಹೀಗೆ ಸಮುದ್ರ ದಾಟಿದ್ದರು. ಕಾಗದದ ಮೇಲೆ ಇಂಗ್ಲಿಷಿನಲ್ಲಿ ಇಳಿದ ಅವರ ಹೆಸರುಗಳು ಹೇಗೆ ಇಳಿದವೋ ಹಾಗೆಯೇ ಮೊಮ್ಮಕ್ಕಳವರೆಗೂ ಉಳಿದುಬಿಟ್ಟವು.

ಅಂಥ ಕೂಲಿಗಳ ವಂಶದಲ್ಲಿ, 1920ರ ದಶಕದ ಕೊನೆಯ ಹೊತ್ತಿಗೆ ಪಾಪ್ವಾ ಹುಟ್ಟಿದರು. ಓದುಬರಹ ಕಲಿಯುವ ಅವಕಾಶ ಸಿಗಲಿಲ್ಲ. ಹುಡುಗನಾಗಿದ್ದಾಗಲೇ ಬಿಳಿಯರ ಗಾಲ್ಫ್ ಮೈದಾನದಲ್ಲಿ ಕ್ಯಾಡಿಯ ಕೆಲಸ. ಎಂದರೆ ಆಡುವವರ ಚೀಲ ಹೊತ್ತು ಅವರ ಹಿಂದೆ ನಡೆಯುವುದು. ಆಟವನ್ನು ಯಾರೂ ಹೇಳಿಕೊಡಲಿಲ್ಲ. ಮರದ ಕೊಂಬೆಯನ್ನೇ ಕೋಲು ಮಾಡಿಕೊಂಡು ತಾವಾಗಿ ಕಲಿತರು. ಬಲಗೈ ಆಟಗಾರರು ಕೋಲು ಹಿಡಿಯುವಾಗ ಎಡಗೈ ಮೇಲೆ, ಬಲಗೈ ಕೆಳಗೆ ಇರಬೇಕು. ಪಾಪ್ವಾ ಅವರ ಹಿಡಿತ ಇದಕ್ಕೆ ತದ್ವಿರುದ್ಧ. ಬಲ್ಲವರು ಕಂಡರೆ ಮೊದಲ ದಿನವೇ ತಿದ್ದುತ್ತಿದ್ದ ಹಿಡಿತ ಅದು. ತಿದ್ದುವವರೇ ಇರಲಿಲ್ಲವಾದ್ದರಿಂದ ಆ ಹಿಡಿತವೇ ಅವರ ಕೈಗೆ ಒಗ್ಗಿತು. ಮುಂದೆ ಅದಕ್ಕೆ ಅವರ ಹೆಸರೇ ಬಂತು.

ಇಲ್ಲಿ ಈ ವೃತ್ತಿಯ ಬಗ್ಗೆ ಒಂದೆರಡು ಮಾತು ಹೇಳಬೇಕು. ಗಾಲ್ಫನ್ನೇ ನಂಬಿ ದೇಶದಿಂದ ದೇಶಕ್ಕೆ ತಿರುಗುವ ಆಟಗಾರನ ಬದುಕು ದೂರದಿಂದ ಕಾಣುವಷ್ಟು ಸುಖದ್ದಲ್ಲ. ಅವನಿಗೆ ತಿಂಗಳ ಸಂಬಳವಿಲ್ಲ. ಒಂದು ಪಂದ್ಯವೆಂದರೆ ಸಾಮಾನ್ಯವಾಗಿ ನಾಲ್ಕು ಸುತ್ತು, ಸುತ್ತಿಗೆ ಹದಿನೆಂಟರಂತೆ ಒಟ್ಟು 72 ಕುಳಿಗಳು. ಎರಡು ಸುತ್ತು ಮುಗಿದ ಮೇಲೆ ಹಿಂದೆ ಬಿದ್ದವರು ಗಂಟುಮೂಟೆ ಕಟ್ಟಬೇಕು. ಹಾಗೆ ಹೊರಬಿದ್ದವರಿಗೆ ಬಹುಮಾನದಲ್ಲಿ ಪಾಲಿಲ್ಲ. ಆದರೆ ಪ್ರಯಾಣದ ಖರ್ಚು, ಹೋಟೆಲಿನ ಬಾಡಿಗೆ, ಕ್ಯಾಡಿಯ ಕೂಲಿ ಇವೆಲ್ಲ ಗೆದ್ದವನಿಗೂ ಸೋತವನಿಗೂ ಒಂದೇ. ಹಾಗಾಗಿ ಗೆಲುವು ತಂದುಕೊಡುವ ಹಣಕ್ಕಿಂತ ಅದು ತೆರೆಯುವ ಬಾಗಿಲು ದೊಡ್ಡದು. ನಮ್ಮ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ ಅವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಆ ಒಂದು ಗೆಲುವು ಅವರಿಗೆ ಏಷ್ಯನ್ ಟೂರಿನ ಪಂದ್ಯಗಳ ಬಾಗಿಲು ತೆಗೆಯಿತು. ಗೆದ್ದವನನ್ನು ಮತ್ತೆ ಆಡಲು ಕರೆಯುವುದು ಈ ವೃತ್ತಿಯ ಧರ್ಮ. ಪಾಪ್ವಾ ಅವರ ವಿಷಯದಲ್ಲಿ ಈ ಧರ್ಮ ಹೇಗೆ ತಲೆಕೆಳಗಾಯಿತು ಎಂಬುದೇ ನನ್ನನ್ನು ಕಾಡುವ ಕಥೆ.

ಅವರ ಆಟವನ್ನು ಮೆಚ್ಚಿದವರಲ್ಲಿ ಗ್ರಹಾಂ ವುಲ್ಫ್ ಎಂಬ ಬಿಳಿಯರೊಬ್ಬರಿದ್ದರು. ಆಯಿಲ್ ಆಫ್ ಓಲೇ ಎಂದು ಹೆಸರಾದ ಮುಖಲೇಪನವನ್ನು ಕಂಡುಹಿಡಿದವರು ಅವರೇ. ಪಾಪ್ವಾಗೆ ಕೆಲಸ ಕೊಟ್ಟು, 1959ರಲ್ಲಿ ತಮ್ಮದೇ ವಿಮಾನದಲ್ಲಿ ಯೂರೋಪಿಗೆ ಕರೆದುಕೊಂಡು ಹೋದರು. ಇಂದಿನಂತೆ ವ್ಯವಸ್ಥಿತವಾದ ಯೂರೋಪಿಯನ್ ಟೂರ್ ಆಗ ಇರಲಿಲ್ಲ. ಅದು ರೂಪುಗೊಂಡದ್ದು 1972ರಲ್ಲಿ. ಒಂದೊಂದು ದೇಶವೂ ತನ್ನ ಓಪನ್ ಪಂದ್ಯ ನಡೆಸುತ್ತಿತ್ತು, ಆಟಗಾರರು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಓದುಬರಹ ಬಾರದ, ತಿರುವುಮುರುವು ಕೈಯ ಈ ಮಾಜಿ ಕ್ಯಾಡಿ ಆ ವರ್ಷವೇ ಡಚ್ ಓಪನ್ ಗೆದ್ದರು. 1960ರಲ್ಲಿ ಮತ್ತೆ ಗೆದ್ದರು, 1964ರಲ್ಲಿ ಮೂರನೆಯ ಸಲ. ಹಾಲೆಂಡಿನಲ್ಲಿ ಅವರನ್ನು ಯಾರೂ ಹಿಂಬಾಗಿಲಿಗೆ ಕಳಿಸಲಿಲ್ಲ. ಹುಟ್ಟಿದೂರಿನಲ್ಲಿ ಸಿಗದ ಮರ್ಯಾದೆ ಪರದೇಶದಲ್ಲಿ ಸಿಕ್ಕಿತು.

ಊರಿನಲ್ಲಿ ಅಪಾರ್ಥೈಡ್ ಆಳುತ್ತಿತ್ತು. ಯಾವ ಜನಾಂಗದವರು ಎಲ್ಲಿ ಇರಬೇಕು ಎಂದು 1950ರ ಕಾಯಿದೆಯೊಂದು ಗೆರೆ ಎಳೆದಿತ್ತು. ಕ್ಲಬ್ಬಿನ ಕಟ್ಟಡ ಬಿಳಿಯರದು. 1963ರಲ್ಲಿ ಡರ್ಬನ್ ಕಂಟ್ರಿ ಕ್ಲಬ್ಬಿನಲ್ಲಿ ನಡೆದ ನೇಟಾಲ್ ಓಪನ್‌ಗೆ ಪಾಪ್ವಾ ಅವರಿಗೆ ಪ್ರವೇಶ ಸಿಕ್ಕಿತು. ಗೆದ್ದರು. ಬಹುಮಾನ ಕೊಡುವ ಹೊತ್ತಿಗೆ ಮಳೆ. ಸೋತ ಬಿಳಿಯರು ಕಟ್ಟಡದ ಒಳಗಿದ್ದರು. ಗೆದ್ದವರು ಹೊರಗೆ ಮಳೆಯಲ್ಲಿ ನಿಂತು ಟ್ರೋಫಿ ತೆಗೆದುಕೊಂಡರು. ಆ ದೃಶ್ಯದ ಫೋಟೋ ದೇಶದೇಶಗಳ ಪತ್ರಿಕೆಗಳಲ್ಲಿ ಬಂತು. ಮಳೆ ಬಂದಾಗ ದಾರಿಹೋಕನನ್ನೂ ಜಗುಲಿಗೆ ಕರೆಯುವುದು ನಮ್ಮ ಹಳ್ಳಿಗಳ ರೂಢಿ ಎಂದು ಹೆಮ್ಮೆಪಡುವವನು ನಾನು. ಆದರೆ ಆ ದಾರಿಹೋಕನ ಜಾತಿ ಯಾವುದೆಂದು ಮೊದಲು ಕೇಳಿ ಆಮೇಲೆ ಕರೆಯುವ ಜಗುಲಿಗಳೂ ನಮ್ಮಲ್ಲಿದ್ದವು. ಹಾಗಾಗಿ ಡರ್ಬನ್ನಿನವರನ್ನು ಬೈದು ಸುಮ್ಮನಾಗಲು ನನ್ನಿಂದಾಗುವುದಿಲ್ಲ.

1965ರಲ್ಲಿ ಪಾಪ್ವಾ ನೇಟಾಲ್ ಓಪನನ್ನು ಮತ್ತೆ ಗೆದ್ದರು. ಈ ಸಲ ಅವರ ಹಿಂದೆ ಬಿದ್ದವರು ಗ್ಯಾರಿ ಪ್ಲೇಯರ್. ಅದೇ ನಾಡಿನ ಬಿಳಿಯ ಆಟಗಾರ. ಅದೇ ವರ್ಷ ಅಮೆರಿಕದ ಓಪನ್ ಗೆದ್ದು, ಗಾಲ್ಫಿನ ನಾಲ್ಕು ಮಹಾಪಂದ್ಯಗಳನ್ನೂ ಗೆದ್ದ ಕೆಲವೇ ಮಂದಿಯ ಸಾಲಿಗೆ ಸೇರಿದವರು. ಅಂಥವರನ್ನು ಸೋಲಿಸಿದವರಿಗೆ ಬೇರೆ ಯಾವ ದೇಶದಲ್ಲಾದರೂ ರತ್ನಗಂಬಳಿ ಹಾಸುತ್ತಿದ್ದರು. ಇಲ್ಲಿ ಸರ್ಕಾರ ಎಚ್ಚೆತ್ತುಕೊಂಡಿತು. ಬಿಳಿಯರ ಪಂದ್ಯಗಳಿಂದ ಅವರನ್ನು ಹೊರಗಿಟ್ಟಿತು. ಮುಂದೆ ಪಾಸ್‌ಪೋರ್ಟನ್ನೂ ಕಿತ್ತುಕೊಂಡಿತು. ಸೋಲುತ್ತಿದ್ದರೆ ಬಹುಶಃ ಇನ್ನಷ್ಟು ಕಾಲ ಆಡಲು ಬಿಡುತ್ತಿದ್ದರೇನೋ.

ನನ್ನಂಥವನಿಗೆ ಪಾಸ್‌ಪೋರ್ಟ್ ಎಂದರೆ ಮಗನ ಮನೆಗೋ ಯಾತ್ರೆಗೋ ಹೋಗಿಬರುವ ಕಾಗದ. ಪಾಪ್ವಾ ಅವರಿಗೆ ಅದು ಬಡಗಿಗೆ ಉಳಿ ಇದ್ದ ಹಾಗೆ, ದುಡಿಮೆಯ ಸಾಧನ. ಊರಿನ ಮೈದಾನ ಮುಚ್ಚಿದ ಮೇಲೆ ಅನ್ನದ ದಾರಿ ಇದ್ದದ್ದು ಹೊರದೇಶದಲ್ಲಿ ಮಾತ್ರ. ಆ ದಾರಿಯೂ ಮುಚ್ಚಿತು. ಬಿಳಿಯರಲ್ಲದವರ ಪಂದ್ಯಗಳಿದ್ದವು, ನಿಜ. ಅವುಗಳ ಬಹುಮಾನದಲ್ಲಿ ಸಂಸಾರ ಸಾಗುವುದು ಕಷ್ಟ. ಯಾರೂ ಅವರನ್ನು ಸೆರೆಮನೆಗೆ ಹಾಕಲಿಲ್ಲ. ಕೈಯಲ್ಲಿ ಆಟವಿದ್ದೂ ಆಡಲು ನೆಲವಿಲ್ಲದಂತೆ ಮಾಡಿದರು.

1978ರಲ್ಲಿ ಹೃದಯಾಘಾತವಾಗಿ ಪಾಪ್ವಾ ತೀರಿಕೊಂಡರು. ವಯಸ್ಸು ಐವತ್ತರ ಆಸುಪಾಸು. ನೆಲ್ಸನ್ ಮಂಡೇಲಾ ಸೆರೆಯಿಂದ ಹೊರಬರಲು ಆಗ ಇನ್ನೂ ಹನ್ನೆರಡು ವರ್ಷ ಬಾಕಿಯಿತ್ತು.

ಈಗ ಡರ್ಬನ್ನಿನಲ್ಲಿ ಪಾಪ್ವಾ ಸೆವ್‌ಗೋಲಮ್ ಹೆಸರಿನ ಒಂದು ಗಾಲ್ಫ್ ಮೈದಾನವಿದೆ. ಅದು ಕ್ಲಬ್ಬಿನದಲ್ಲ, ನಗರಸಭೆಯದು. ಸತ್ತವರಿಗೆ ಹೆಸರಿಡುವುದು ಸುಲಭ ಎಂದು ಮುಖ ತಿರುಗಿಸಲು ನನಗೆ ಮನಸ್ಸು ಬರುವುದಿಲ್ಲ. ಹೆಸರಿಗಿಂತ ಮುಖ್ಯವಾದದ್ದು ಒಂದಿದೆ: ಆ ಮೈದಾನದಲ್ಲಿ ಗೆದ್ದ ಹುಡುಗ ಯಾವ ಬಣ್ಣದವನೇ ಆಗಿರಲಿ, ಮಳೆ ಬಂದರೆ ಅವನು ಒಳಗೆ ಬರಬಹುದು.