ಶಾಲಾ ಚೀಲದ ಹೊರೆ ಮತ್ತು ಮಕ್ಕಳ ದೇಹಭಂಗಿ

ಪಠ್ಯಪುಸ್ತಕ, ನೋಟ್‌ಬುಕ್, ಊಟದ ಡಬ್ಬಿ, ನೀರಿನ ಬಾಟಲಿ ಮೊದಲಾದವುಗಳನ್ನು ತುಂಬಿಕೊಂಡು ವಿದ್ಯಾರ್ಥಿ ದಿನವೂ ಮನೆಗೂ ಶಾಲೆಗೂ ನಡುವೆ ಹೊರುವ ಒಟ್ಟು ತೂಕವನ್ನು ಶಾಲಾ ಚೀಲದ ಹೊರೆ ಎನ್ನುತ್ತಾರೆ. ನಿಂತಾಗ, ನಡೆಯುವಾಗ ಮತ್ತು ಕುಳಿತಾಗ ತಲೆ, ಹೆಗಲು, ಬೆನ್ನುಮೂಳೆ, ಸೊಂಟ ಹಾಗೂ ಕಾಲುಗಳು ಒಂದಕ್ಕೊಂದು ಹೊಂದಿಕೊಂಡಿರುವ ರೀತಿಯೇ ದೇಹಭಂಗಿ. ಭಾರದ ಚೀಲ ಬೆನ್ನೇರಿದ ಕೂಡಲೇ ಈ ಹೊಂದಾಣಿಕೆ ಬದಲಾಗುವುದು ಪ್ರಯೋಗಗಳಿಂದ ದೃಢಪಟ್ಟಿದೆ; ಆ ಬದಲಾವಣೆ ಚೀಲ ಇಳಿಸಿದ ಮೇಲೂ ಉಳಿದು ಶಾಶ್ವತ ದೋಷವಾಗುತ್ತದೆಯೇ ಎಂಬ ಬಗ್ಗೆ ಮಾತ್ರ ಸಂಶೋಧಕರಲ್ಲಿ ಒಮ್ಮತವಿಲ್ಲ. ಭಂಗಿಯ ರಕ್ಷಣೆ ಚೀಲ ಹೊರುವ ಕ್ರಮವನ್ನು ಎಷ್ಟು ಅವಲಂಬಿಸಿದೆಯೋ ಅದಕ್ಕಿಂತ ಹೆಚ್ಚಾಗಿ ಶಾಲೆಯ ವೇಳಾಪಟ್ಟಿ, ಕುಡಿಯುವ ನೀರು ಮತ್ತು ಪುಸ್ತಕ ಇಡುವ ಜಾಗದ ವ್ಯವಸ್ಥೆಯನ್ನು ಅವಲಂಬಿಸಿದೆ.

ಬೆನ್ನುಮೂಳೆಯ ಬೆಳವಣಿಗೆ

ಹುಟ್ಟಿದ ಮಗುವಿನ ಬೆನ್ನುಮೂಳೆ ಒಂದೇ ಬಾಗಿನಲ್ಲಿರುತ್ತದೆ. ಮಗು ಕತ್ತು ನಿಲ್ಲಿಸಲು ಕಲಿತಾಗ ಕುತ್ತಿಗೆಯ ಬಾಗು, ಎದ್ದು ನಿಂತು ಹೆಜ್ಜೆಯಿಡುವಾಗ ಸೊಂಟದ ಬಾಗು ರೂಪುಗೊಳ್ಳುತ್ತವೆ. ಪಕ್ಕದಿಂದ ನೋಡಿದಾಗ ಕಾಣುವ ಈ ಸಹಜ ಬಾಗುಗಳೇ ದೇಹದ ಭಾರವನ್ನು ಹಂಚಿ, ನಡಿಗೆಯ ಆಘಾತವನ್ನು ತಗ್ಗಿಸುತ್ತವೆ. ಕಶೇರುಮಣಿಗಳ, ಅಂದರೆ ಬೆನ್ನುಮೂಳೆಯನ್ನು ಕಟ್ಟಿರುವ ಬಿಡಿ ಮೂಳೆಗಳ, ನಡುವೆ ಇರುವ ಮೆತ್ತನೆಯ ತಟ್ಟೆಗಳು ಒತ್ತಡ ಬಿದ್ದಾಗ ಸ್ವಲ್ಪ ಕುಗ್ಗಿ, ವಿಶ್ರಾಂತಿ ದೊರೆತಾಗ ಮತ್ತೆ ಹಿಗ್ಗುತ್ತವೆ. ಕಶೇರುಮಣಿಗಳ ಬೆಳವಣಿಗೆ ಹದಿಹರೆಯದ ಕೊನೆಯವರೆಗೂ ಮುಂದುವರಿಯುವುದರಿಂದ, ಶಾಲೆಯ ವರ್ಷಗಳು ಬೆನ್ನು ಇನ್ನೂ ಗಟ್ಟಿಗೊಳ್ಳುತ್ತಿರುವ ವರ್ಷಗಳೇ ಆಗಿವೆ. ಹದಿಹರೆಯದ ಆರಂಭದಲ್ಲಿ ಎತ್ತರ ವೇಗವಾಗಿ ಏರಿದಷ್ಟೇ ವೇಗವಾಗಿ ಸ್ನಾಯುಗಳ ಬಲ ಏರುವುದಿಲ್ಲವಾದ್ದರಿಂದ, ಆ ಅವಧಿಯಲ್ಲಿ ಹೊರೆಯ ಬಗ್ಗೆ ಹೆಚ್ಚಿನ ಎಚ್ಚರ ಅಗತ್ಯವೆಂದು ವೈದ್ಯರು ಹೇಳುತ್ತಾರೆ.

ಹೊರೆಯ ಬಲವಿಜ್ಞಾನ

ಬೆನ್ನಿಗೆ ಹಾಕಿದ ಚೀಲ ದೇಹದ ಮೇಲೆ ಎರಡು ಬಗೆಯ ಬಲಗಳನ್ನು ಹೇರುತ್ತದೆ. ಮೊದಲನೆಯದು ಹೆಗಲಿನಿಂದ ಸೊಂಟದತ್ತ ನೇರ ಕೆಳಕ್ಕೆ ಒತ್ತುವ ಬಲ; ಇದು ಚೀಲದ ತೂಕಕ್ಕೆ ತಕ್ಕಂತೆ ಏರುತ್ತದೆ. ಎರಡನೆಯದು ದೇಹವನ್ನು ಹಿಂದಕ್ಕೆ ಎಳೆಯುವ ತಿರುಗುಬಲ. ಇದು ತೂಕವನ್ನಷ್ಟೇ ಅಲ್ಲದೆ, ಚೀಲದ ಗುರುತ್ವ ಕೇಂದ್ರ, ಅಂದರೆ ಅದರ ಇಡೀ ಭಾರ ಒಟ್ಟುಗೂಡಿದಂತೆ ವರ್ತಿಸುವ ಬಿಂದು, ಬೆನ್ನುಮೂಳೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಅವಲಂಬಿಸುತ್ತದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವರು ನೆಟ್ಟಗೆ ನಡೆಯಬಲ್ಲರು, ಏಕೆಂದರೆ ಅಲ್ಲಿ ಭಾರ ಬೆನ್ನುಮೂಳೆಯ ರೇಖೆಯ ಮೇಲೆಯೇ ಇರುತ್ತದೆ; ಕುತ್ತಿಗೆಯ ಮೇಲೆ ಒತ್ತಡ ಬಿದ್ದರೂ ಹಿಂದಕ್ಕೆ ಎಳೆತವಿರುವುದಿಲ್ಲ. ಬೆನ್ನಿನ ಚೀಲದಲ್ಲಿ ಈ ಎಳೆತವನ್ನು ಸರಿದೂಗಿಸಲು ಮಗು ಸೊಂಟದಿಂದ ಮುಂದಕ್ಕೆ ಬಾಗುತ್ತದೆ. ಬಾಗಿದಾಗ ನೋಟ ನೆಲದತ್ತ ಇಳಿಯುವುದರಿಂದ, ದಾರಿ ಕಾಣಲು ಗದ್ದವನ್ನೆತ್ತಿ ಕತ್ತನ್ನು ಮುಂದಕ್ಕೆ ಚಾಚುತ್ತದೆ. ಚೀಲ ಹೊತ್ತ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಮುಂಬಾಗಿದ ಮೈ, ಮುಂಚಾಚಿದ ಕತ್ತು, ಒಳಗೆ ಸುತ್ತಿದ ಹೆಗಲುಗಳಿಗೆ ಇದೇ ಕಾರಣ. ಮಗುವಿನ ಅಜಾಗರೂಕತೆಯೆಂದು ಗದರಿಸಲಾಗುವ ಈ ಭಂಗಿ ವಾಸ್ತವದಲ್ಲಿ ಬೀಳದಿರಲು ದೇಹ ಕಂಡುಕೊಂಡ ಉಪಾಯ.

ದೂರದ ಪಾತ್ರವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 5 ಕೆ.ಜಿ. ತೂಕದ ಚೀಲದ ಗುರುತ್ವ ಕೇಂದ್ರ ಬೆನ್ನುಮೂಳೆಯಿಂದ 15 ಸೆಂ.ಮೀ. ಹಿಂದಿದ್ದರೆ ಅದು ಉಂಟುಮಾಡುವ ತಿರುಗುಬಲ ಸುಮಾರು 7.4 ನ್ಯೂಟನ್-ಮೀಟರ್; ಅದೇ ಚೀಲವನ್ನು ಬಿಗಿದುಕೊಂಡು ಆ ದೂರವನ್ನು 10 ಸೆಂ.ಮೀ.ಗೆ ಇಳಿಸಿದರೆ ತಿರುಗುಬಲ 4.9ಕ್ಕೆ ಇಳಿಯುತ್ತದೆ. ಚೀಲವನ್ನು 5 ಸೆಂ.ಮೀ. ಹತ್ತಿರ ತಂದುದರ ಫಲ, ಎಳೆತದ ಮಟ್ಟಿಗೆ, ಅದರಿಂದ ಸುಮಾರು 1.7 ಕೆ.ಜಿ. ತೆಗೆದುದಕ್ಕೆ ಸಮ. ಆದರೆ ನೇರ ಕೆಳಕ್ಕೆ ಒತ್ತುವ ಬಲ ಇದರಿಂದ ಕಡಿಮೆಯಾಗುವುದಿಲ್ಲವಾದ್ದರಿಂದ, ಪಟ್ಟಿ ಬಿಗಿಯುವುದು ತೂಕ ಇಳಿಸುವುದಕ್ಕೆ ಬದಲಿಯಲ್ಲ. ಪಟ್ಟಿಗಳನ್ನು ಸಡಿಲ ಬಿಟ್ಟು ಚೀಲ ಸೊಂಟದ ಕೆಳಗೆ ಜೋಲುವಂತೆ ಹೊರುವ ರೂಢಿಯಲ್ಲಿ ಪ್ರತಿ ಹೆಜ್ಜೆಗೂ ಚೀಲ ತೂಗಾಡಿ, ಎಳೆತ ಏರಿಳಿಯುತ್ತ, ಬೆನ್ನಿನ ಸ್ನಾಯುಗಳು ಎಡೆಬಿಡದೆ ದುಡಿಯಬೇಕಾಗುತ್ತದೆ. ಒಂದೇ ಹೆಗಲಿಗೆ ಚೀಲ ತಗುಲಿಸಿದಾಗ ತಿರುಗುಬಲ ಪಕ್ಕಕ್ಕೂ ಹೊರಳುವುದರಿಂದ, ಮಗು ಭಾರವಿರುವ ಹೆಗಲನ್ನು ಮೇಲಕ್ಕೆತ್ತಿ ಮೈಯನ್ನು ಎದುರು ಬದಿಗೆ ವಾಲಿಸುತ್ತದೆ.

ಭಂಗಿಯ ಬದಲಾವಣೆಯನ್ನು ಅಳೆಯಲು ಬಳಸುವ ಮುಖ್ಯ ಮಾನ ಕಪಾಲ-ಕಶೇರು ಕೋನ. ಕುತ್ತಿಗೆಯ ಬುಡದಲ್ಲಿ ಕೈಗೆ ಸಿಗುವ ಏಳನೆಯ ಕಶೇರುಮಣಿಯ ಉಬ್ಬಿನಿಂದ ಕಿವಿರಂಧ್ರದ ಮುಂದಿನ ಸಣ್ಣ ಉಬ್ಬಿಗೆ ಎಳೆದ ಗೆರೆ, ನೆಲಕ್ಕೆ ಸಮಾಂತರವಾದ ಗೆರೆಯೊಡನೆ ಮಾಡುವ ಕೋನ ಇದು; ಕೋನ ಕಿರಿದಾದಷ್ಟೂ ತಲೆ ಮುಂದಕ್ಕೆ ಚಾಚಿದೆಯೆಂದು ಅರ್ಥ. ಪಕ್ಕದಿಂದ ತೆಗೆದ ಒಂದು ಛಾಯಾಚಿತ್ರದಿಂದಲೇ ಇದನ್ನು ಅಳೆಯಬಹುದಾದ್ದರಿಂದ, ಶಾಲೆಗಳಲ್ಲಿ ನಡೆಸುವ ಅಧ್ಯಯನಗಳಿಗೆ ಇದು ಅನುಕೂಲಕರ.

ಸಂಶೋಧನೆಯ ನಿಲುವು

ಇಟಲಿಯ ಶಾಲಾಮಕ್ಕಳನ್ನು ಕುರಿತು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಚೀಲದ ಸರಾಸರಿ ತೂಕ ಮಗುವಿನ ತೂಕದ ಸುಮಾರು 22 ಪ್ರತಿಶತವಿದ್ದುದು ಕಂಡುಬಂದು, ಈ ವಿಷಯ ವೈದ್ಯಕೀಯ ವಲಯದ ಗಮನ ಸೆಳೆಯಿತು. 2000ದಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಪ್ರಯೋಗವೊಂದರಲ್ಲಿ ಮಕ್ಕಳನ್ನು ದೇಹತೂಕದ 10, 15 ಮತ್ತು 20 ಪ್ರತಿಶತ ಹೊರೆಯೊಡನೆ ಟ್ರೆಡ್‌ಮಿಲ್ ಮೇಲೆ ನಡೆಸಿದಾಗ, 20 ಪ್ರತಿಶತ ಹೊರೆಯಲ್ಲಿ ಮೈ ಗಮನಾರ್ಹವಾಗಿ ಮುಂಬಾಗಿತು. 15 ಪ್ರತಿಶತಕ್ಕೇ ನಡಿಗೆಯ ಬಳಿಕ ರಕ್ತದೊತ್ತಡ ಮೊದಲಿನ ಮಟ್ಟಕ್ಕೆ ಮರಳಲು ಹೆಚ್ಚು ಸಮಯ ಹಿಡಿಯಿತು. ಅಮೆರಿಕದ ಸಂಶೋಧಕರು 2010ರಲ್ಲಿ ನಿಂತ ಭಂಗಿಯಲ್ಲೇ ಎಂಆರ್‌ಐ ಚಿತ್ರ ತೆಗೆದು, 4, 8 ಮತ್ತು 12 ಕೆ.ಜಿ. ಚೀಲ ಹೊತ್ತಾಗ ಸೊಂಟದ ಭಾಗದ ತಟ್ಟೆಗಳು ಕುಗ್ಗುವುದನ್ನೂ ಕೆಲವು ಮಕ್ಕಳ ಬೆನ್ನು ಪಕ್ಕಕ್ಕೆ ಬಾಗುವುದನ್ನೂ ತೋರಿಸಿದರು. ಆದರೆ ಅವರು ಪರೀಕ್ಷಿಸಿದ್ದು ಕೇವಲ 8 ಮಕ್ಕಳನ್ನು ಎಂಬುದನ್ನು ನೆನಪಿಡಬೇಕು.

ಇದಕ್ಕೆ ಎದುರಾಗಿ, 2018ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಪ್ರಕಟವಾದ ಸಮಗ್ರ ವಿಮರ್ಶೆ, 72,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ 69 ಅಧ್ಯಯನಗಳನ್ನು ಪರಿಶೀಲಿಸಿ, ಚೀಲದ ತೂಕ ಅಥವಾ ವಿನ್ಯಾಸ ಬೆನ್ನುನೋವಿಗೆ ಕಾರಣವೆನ್ನಲು ಮನವರಿಕೆಯಾಗುವಂಥ ಪುರಾವೆಯಿಲ್ಲವೆಂದು ತೀರ್ಮಾನಿಸಿತು. ಮಕ್ಕಳಿಗೆ ಚೀಲ ಭಾರವೆನಿಸುವುದಕ್ಕೂ ಬೆನ್ನುನೋವಿಗೂ ನಂಟಿರುವ ಸಾಧ್ಯತೆಯನ್ನು ಅದು ಅಲ್ಲಗಳೆಯಲಿಲ್ಲ. ಬೆನ್ನುಮೂಳೆ ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವ ಪಾರ್ಶ್ವವಕ್ರತೆಗೆ ಚೀಲವೇ ಕಾರಣವೆಂಬ ಜನಜನಿತ ನಂಬಿಕೆಗೂ ಆಧಾರವಿಲ್ಲ. ಹಾಗೆಂದು ಹೊರೆಯನ್ನು ನಿರ್ಲಕ್ಷಿಸುವುದು ಸರಿಯಲ್ಲ: ಆಯಾಸ, ಹೆಗಲುನೋವು, ನಡಿಗೆಯ ತೊಡಕು ಮತ್ತು ಬೀಳುವ ಅಪಾಯಗಳು ಶಾಶ್ವತ ದೋಷವಾಗದಿದ್ದರೂ ದಿನನಿತ್ಯದ ಹಿಂಸೆಯೇ, ಮತ್ತು ಮಗುವನ್ನು ಅದರಿಂದ ಪಾರುಮಾಡಲು ಅಷ್ಟೇ ಕಾರಣ ಸಾಕು.

ಚೀಲದ ತೂಕ ದೇಹತೂಕದ 10 ಪ್ರತಿಶತವನ್ನು ಮೀರಬಾರದೆಂಬ ಸಾಮಾನ್ಯ ಮಿತಿ ಸುರಕ್ಷತೆಯ ಖಚಿತ ಗಡಿಯಲ್ಲ, ಅನುಕೂಲಕ್ಕಾಗಿ ಒಪ್ಪಿಕೊಂಡ ನಿಯಮ. ಬೇರೆ ಬೇರೆ ಸಂಸ್ಥೆಗಳು 10ರಿಂದ 20 ಪ್ರತಿಶತದವರೆಗೆ ಸೂಚಿಸಿರುವುದುಂಟು. ಸ್ಥೂಲಕಾಯದ ಮಗುವಿಗೆ ಈ ಲೆಕ್ಕ ಹೆಚ್ಚು ಹೊರೆಯನ್ನು ಅನುಮತಿಸುತ್ತದೆಂಬುದು, ಆ ಮಗುವಿನ ಬೆನ್ನು ಮತ್ತು ಮಂಡಿಗಳು ಈಗಾಗಲೇ ಹೆಚ್ಚಿನ ಭಾರ ಹೊತ್ತಿರುವುದರಿಂದ, ಈ ನಿಯಮದ ಮುಖ್ಯ ದೋಷ.

ತೂಕದ ಮೂಲಗಳು

24 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ 200 ಪುಟಗಳ ನೋಟ್‌ಬುಕ್‌ನಲ್ಲಿ 100 ಹಾಳೆಗಳಿರುತ್ತವೆ. ಚದರ ಮೀಟರಿಗೆ 60 ಗ್ರಾಂ ತೂಗುವ ಕಾಗದವಾದರೆ, ರಟ್ಟು ಬಿಟ್ಟು ಹಾಳೆಗಳೇ ಸುಮಾರು 260 ಗ್ರಾಂ ತೂಗುತ್ತವೆ. ಆರು ವಿಷಯಗಳಿಗೆ ಕ್ಲಾಸ್‌ವರ್ಕ್ ಒಂದು, ಹೋಂವರ್ಕ್ ಒಂದು ಎಂದು ಹನ್ನೆರಡು ಪುಸ್ತಕಗಳನ್ನು ದಿನವೂ ತರಬೇಕೆಂದರೆ ಬರಿಯ ಬರೆಯುವ ಕಾಗದವೇ 3 ಕೆ.ಜಿ. ಮೀರುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕೆ.ಜಿ. 20 ಕೆ.ಜಿ. ತೂಕದ ಮಗುವಿಗೆ 10 ಪ್ರತಿಶತದ ಮಿತಿ 2 ಕೆ.ಜಿ.; ಅದರಲ್ಲಿ ನೀರು ಒಂದು ಕೆ.ಜಿ., ಖಾಲಿ ಚೀಲ ಅರ್ಧ ಕೆ.ಜಿ. ಎಂದಿಟ್ಟುಕೊಂಡರೆ ಉಳಿಯುವ ಅರ್ಧ ಕೆ.ಜಿ. ಮೇಲೆ ಹೇಳಿದಂಥ ಎರಡು ನೋಟ್‌ಬುಕ್‌ಗಳಿಗೂ ಸಾಲದು. ಶಾಲೆಯ ನಲ್ಲಿಯಲ್ಲಿ ನಂಬಿ ಕುಡಿಯಬಹುದಾದ ನೀರು ಬಂದರೆ ಚಿಕ್ಕ ಮಕ್ಕಳಿಗೆ ಈ ಮಿತಿಯ ಅರ್ಧದಷ್ಟು ಹೊರೆ ಹೀಗೆಯೇ ಇಳಿಯುತ್ತದೆ. ಬಿಸಿಯೂಟವಿರುವ ಶಾಲೆಗಳಲ್ಲಿ ಊಟದ ಡಬ್ಬಿಯ ಭಾರ ಇಲ್ಲದಿರುವುದೂ ಇಲ್ಲಿ ಗಮನಾರ್ಹ.

ಭಾರತದಲ್ಲಿ ಚರ್ಚೆ ಮತ್ತು ನಿಯಮಗಳು

ಈ ಸಮಸ್ಯೆಯನ್ನು ಸಂಸತ್ತಿನಲ್ಲಿ ಗಟ್ಟಿಯಾಗಿ ಎತ್ತಿದವರು ಮೈಸೂರಿನಲ್ಲಿ ನೆಲೆಸಿದ್ದ ಲೇಖಕ ಆರ್.ಕೆ. ನಾರಾಯಣ್. ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದ ಅವರು 1980ರ ದಶಕದ ಕೊನೆಯಲ್ಲಿ ಮಾಡಿದ ಮೊದಲ ಭಾಷಣವನ್ನು ಮಕ್ಕಳ ಬೆನ್ನ ಮೇಲಿನ ಹೊರೆಗೇ ಮೀಸಲಿಟ್ಟರು. ಭಾರತ ಸರ್ಕಾರ 1992ರಲ್ಲಿ ವಿಜ್ಞಾನಿ ಯಶ್ ಪಾಲ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ 1993ರ ಜುಲೈನಲ್ಲಿ ಸಲ್ಲಿಸಿದ ‘ಹೊರೆಯಿಲ್ಲದ ಕಲಿಕೆ’ ವರದಿ, ಚೀಲದ ತೂಕಕ್ಕಿಂತಲೂ ಅರ್ಥವಾಗದ ಪಾಠದ ಹೊರೆ ಹೆಚ್ಚು ಹಾನಿಕರವೆಂದು ಪ್ರತಿಪಾದಿಸಿತು. ಶಿಕ್ಷಣ ಚಿಂತನೆಯಲ್ಲಿ ಮಹತ್ವದ ಸ್ಥಾನ ಪಡೆದ ಈ ನಿಲುವು ಚರ್ಚೆಯನ್ನು ಪಠ್ಯಕ್ರಮದ ಕಡೆಗೆ ಹೊರಳಿಸಿತು. ಚೀಲದ ಭೌತಿಕ ತೂಕ ಅದರಿಂದ ಬಹುಕಾಲ ಹಿನ್ನೆಲೆಗೆ ಸರಿಯಿತೆಂದು ಹೇಳಬಹುದು. ಚೀಲದ ತೂಕವನ್ನು ದೇಹತೂಕದ 10 ಪ್ರತಿಶತಕ್ಕೆ ಸೀಮಿತಗೊಳಿಸಬಯಸಿದ 2006ರ ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದರೂ ಕಾಯ್ದೆಯಾಗಲಿಲ್ಲ.

ಮದ್ರಾಸ್ ಹೈಕೋರ್ಟ್ 2018ರ ಮೇ ತಿಂಗಳಲ್ಲಿ ಒಂದು ಮತ್ತು ಎರಡನೆಯ ತರಗತಿಗಳಿಗೆ ಹೋಂವರ್ಕ್ ಕೊಡಬಾರದೆಂದೂ ಚೀಲದ ತೂಕ ಇಳಿಸಬೇಕೆಂದೂ ನೀಡಿದ ಆದೇಶದಿಂದ ವಿಷಯ ಮತ್ತೆ ಮುನ್ನೆಲೆಗೆ ಬಂದಿತು. ಕರ್ನಾಟಕದ ಶಿಕ್ಷಣ ಇಲಾಖೆ 2019ರ ಮೇ ತಿಂಗಳ ಸುತ್ತೋಲೆಯಲ್ಲಿ 1-2ನೆಯ ತರಗತಿಗೆ 1.5ರಿಂದ 2, 3-5ಕ್ಕೆ 2ರಿಂದ 3, 6-8ಕ್ಕೆ 3ರಿಂದ 4, 9-10ಕ್ಕೆ 4ರಿಂದ 5 ಕೆ.ಜಿ. ಎಂಬ ಮಿತಿಗಳನ್ನು ಗೊತ್ತುಪಡಿಸಿ, ತಿಂಗಳ ಮೂರನೆಯ ಶನಿವಾರವನ್ನು ಬ್ಯಾಗ್‌ರಹಿತ ದಿನವಾಗಿಸಲು ಸೂಚಿಸಿತು. 2023ರಲ್ಲಿ ಈ ಸೂಚನೆಗಳನ್ನು ಮತ್ತೆ ಹೊರಡಿಸಬೇಕಾಗಿ ಬಂದದ್ದು ಪಾಲನೆಯ ಕೊರತೆಯನ್ನು ಸೂಚಿಸುತ್ತದೆ. ಕೇಂದ್ರದ 2020ರ ಶಾಲಾ ಚೀಲ ನೀತಿ ಪೂರ್ವ ಪ್ರಾಥಮಿಕ ಮಕ್ಕಳಿಗೆ ಚೀಲವೇ ಬೇಡವೆಂದು ಹೇಳಿ, 1-2ನೆಯ ತರಗತಿಗೆ 1.6ರಿಂದ 2.2 ಮತ್ತು 9-10ಕ್ಕೆ 2.5ರಿಂದ 4.5 ಕೆ.ಜಿ. ನಿಗದಿಪಡಿಸಿತು. ಕರ್ನಾಟಕದಲ್ಲಿ ಪಠ್ಯಪುಸ್ತಕಗಳನ್ನು ಎರಡು ಭಾಗಗಳಾಗಿ ಮುದ್ರಿಸುವ ಕ್ರಮ, ವರ್ಷದ ಯಾವ ದಿನವೂ ಅರ್ಧ ಪುಸ್ತಕವನ್ನಷ್ಟೇ ಹೊರುವಂತೆ ಮಾಡುವುದರಿಂದ, ಆದೇಶಗಳಿಗಿಂತ ಹೆಚ್ಚು ಪರಿಣಾಮಕಾರಿ ಎನ್ನಬಹುದು.

ಇತರ ದೇಶಗಳು

ಜಪಾನಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಗಟ್ಟಿ ಬೆನ್ನಿನ ರಾಂಡೊಸೆರು ಎಂಬ ಚೀಲವನ್ನು ಬಳಸುತ್ತಾರೆ. ಅದು ಬೆನ್ನಿಗೆ ಅಂಟಿಕೊಂಡಿದ್ದರೂ ಖಾಲಿಯಿದ್ದಾಗಲೇ ಸಾಮಾನ್ಯವಾಗಿ ಒಂದು ಕೆ.ಜಿ. ಮೀರುತ್ತದೆ. ಅಲ್ಲಿನ ಶಿಕ್ಷಣ ಸಚಿವಾಲಯ 2018ರಲ್ಲಿ ಮನೆಯಲ್ಲಿ ಬೇಕಾಗದ ಪುಸ್ತಕಗಳನ್ನು ಶಾಲೆಯಲ್ಲೇ ಬಿಡಲು ಅವಕಾಶ ಕೊಡಬೇಕೆಂದು ತಿಳಿಸಿತು. ಅಮೆರಿಕದಲ್ಲಿ ವೃತ್ತಿಚಿಕಿತ್ಸಕರ ಸಂಘ ಪ್ರತಿ ಸೆಪ್ಟೆಂಬರ್‌ನಲ್ಲಿ ಶಾಲಾ ಚೀಲದ ಬಗ್ಗೆ ಅರಿವು ಮೂಡಿಸುವ ದಿನವನ್ನು ಆಚರಿಸುತ್ತದೆ.

ಭಂಗಿ ರಕ್ಷಣೆಯ ಕ್ರಮಗಳು

ಚೀಲದ ಅಗಲ ಮಗುವಿನ ಬೆನ್ನಿನ ಅಗಲವನ್ನು ಮೀರದೆ, ತಳ ಸೊಂಟದ ಮಟ್ಟದಲ್ಲಿ ನಿಲ್ಲುವಂತಿರಬೇಕು. ಮುಂದಿನ ವರ್ಷಕ್ಕೂ ಆಗಲೆಂದು ದೊಡ್ಡ ಚೀಲ ಕೊಳ್ಳುವ ರೂಢಿ ಈ ಕಾರಣಕ್ಕೆ ಸಲ್ಲದು. ಹತ್ತಿ ತುಂಬಿದಂತೆ ಮೆತ್ತಗಿರುವ ಅಗಲ ಪಟ್ಟಿಗಳು ಒತ್ತಡವನ್ನು ಹರಡುತ್ತವೆ. ಕಿರಿದಾದ ಪಟ್ಟಿ ಹೆಗಲಿನ ನರಗಳನ್ನು ಒತ್ತಿ ಕೈ ಜೋಮು ಹಿಡಿಯುವಂತೆ ಮಾಡಬಹುದು. ಭಾರದ ಪುಸ್ತಕಗಳು ಬೆನ್ನಿಗೆ ತಾಗುವ ಅರೆಯಲ್ಲಿಯೂ ಹಗುರವಾದವು ಹೊರಗಿನ ಅರೆಗಳಲ್ಲಿಯೂ ಇರಬೇಕು. ಚೀಲವನ್ನು ನೆಲದಿಂದ ಒಂದೇ ಕೈಯಲ್ಲಿ ಸೆಳೆದು ಹೆಗಲಿಗೇರಿಸುವ ಬದಲು, ಮೇಜು ಅಥವಾ ಜಗುಲಿಯ ಮೇಲಿಟ್ಟು ಎರಡೂ ತೋಳು ತೂರಿಸಿಕೊಳ್ಳುವುದು, ನೆಲದಲ್ಲಿದ್ದರೆ ಮಂಡಿ ಮಡಿಸಿ ಎತ್ತುವುದು ಒಳ್ಳೆಯದು.

ಹೊರೆಯ ಪರಿಣಾಮ ತೂಕದ ಜೊತೆಗೆ ಹೊತ್ತಿರುವ ಅವಧಿಯನ್ನೂ ಅವಲಂಬಿಸುವುದರಿಂದ, ಬಸ್ಸಿಗೆ ಕಾಯುವಾಗ, ಬಸ್ಸಿನಲ್ಲಿ ನಿಂತಾಗ, ಶಾಲೆಯ ಪ್ರಾರ್ಥನೆಯ ವೇಳೆ ಚೀಲವನ್ನು ಕೆಳಗಿಡುವ ಅಭ್ಯಾಸ ಉಪಯುಕ್ತ. ಗಾಲಿಯ ಚೀಲ ಸಮತಟ್ಟಾದ ನೆಲದಲ್ಲಿ ಅನುಕೂಲವಾದರೂ ಮೆಟ್ಟಿಲುಗಳಲ್ಲಿ ಅಪಾಯಕಾರಿಯಾದ್ದರಿಂದ 2020ರ ನೀತಿ ಅದನ್ನು ಪ್ರೋತ್ಸಾಹಿಸುವುದಿಲ್ಲ. ಓಟ, ಈಜು, ಮರ ಹತ್ತುವಿಕೆಯಂಥ ಚಟುವಟಿಕೆಗಳು ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸುತ್ತವೆ. ದಿನಕ್ಕೆ ಐದಾರು ಗಂಟೆ ಕೂರುವ ಬೆಂಚಿನ ಎತ್ತರ ಮಗುವಿಗೆ ಹೊಂದದಿದ್ದರೆ ಚೀಲ ಹಗುರವಾದ ಮಾತ್ರಕ್ಕೆ ಭಂಗಿ ಸರಿಹೋಗುವುದಿಲ್ಲ.

ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

ಚೀಲ ಇಳಿಸಿದ ಮೇಲೂ ಕೆಲವು ವಾರ ಬಿಡದ ನೋವು, ರಾತ್ರಿ ಎಬ್ಬಿಸುವ ನೋವು, ಜ್ವರದೊಡನೆ ಬರುವ ಬೆನ್ನುನೋವು, ಕೈಕಾಲುಗಳ ಜೋಮು ಅಥವಾ ಬಲಹೀನತೆ ಕಂಡರೆ ಅದನ್ನು ಚೀಲದ ಮೇಲೆ ಹಾಕಿ ಸುಮ್ಮನಿರದೆ ಪರೀಕ್ಷೆ ಮಾಡಿಸಬೇಕು. ಮಗುವನ್ನು ಕಾಲು ಜೋಡಿಸಿ ನಿಲ್ಲಿಸಿ, ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿದಾಗ ಬೆನ್ನಿನ ಒಂದು ಬದಿ ಇನ್ನೊಂದಕ್ಕಿಂತ ಉಬ್ಬಿ ಕಂಡರೆ ಅದು ಪಾರ್ಶ್ವವಕ್ರತೆಯ ಸೂಚನೆಯಾಗಿರಬಹುದು. ಎಕ್ಸ್‌-ರೇ ಚಿತ್ರದಲ್ಲಿ ಬಾಗಿನ ಕೋನ 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಸ್ಥಿತಿ ಖಚಿತವಾಗುತ್ತದೆ. ಬೆಳವಣಿಗೆ ಮುಗಿಯುವ ಮೊದಲು ಗುರುತಿಸಿದರೆ ಚಿಕಿತ್ಸೆಗೆ ಅವಕಾಶ ಹೆಚ್ಚಿರುವುದರಿಂದ, ಶಾಲಾ ಆರೋಗ್ಯ ತಪಾಸಣೆಯಲ್ಲಿ ಈ ಸರಳ ಪರೀಕ್ಷೆಯನ್ನೂ ಚೀಲದ ತೂಕದ ಅಳತೆಯನ್ನೂ ಸೇರಿಸುವುದು ಅಪೇಕ್ಷಣೀಯ.