ಸಂಚಕಾರ ಯಾರನ್ನು ಕಟ್ಟುತ್ತದೆ?

ವಿಜಯನಗರದ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಒಡೆದ ಡಿಸ್‌ಪ್ಲೇ ಹಿಡಿದುಕೊಂಡು ಹೋಗಿದ್ದೆ. ಅಂಗಡಿಯವರು ಫೋನನ್ನು ತಿರುಗಿಸಿ ನೋಡಿ, "ಈ ಮಾಡೆಲ್‌ದು ನನ್ನ ಹತ್ರ ಇಲ್ಲ ಸರ್, ಎಸ್‌ಪಿ ರೋಡಿಂದ ತರಿಸ್ಬೇಕು. ಪಾರ್ಟ್ಸ್ ದುಡ್ಡು ಪೂರ್ತಿ ಮೊದ್ಲೇ ಕೊಟ್ಬಿಡಿ" ಎಂದರು. "ಅರ್ಧ ಕೊಡ್ತೀನಣ್ಣ, ಮಿಕ್ಕಿದ್ದು ರೆಡಿಯಾದ್ಮೇಲೆ" ಎಂದೆ. ಅವರು ಮಾತಾಡದೆ ಮೇಜಿನ ಡ್ರಾಯರ್ ಎಳೆದು ತೋರಿಸಿದರು. ರಬ್ಬರ್ ಬ್ಯಾಂಡ್ ಹಾಕಿ ಚೀಟಿ ಸಿಕ್ಕಿಸಿದ ಹತ್ತಿಪ್ಪತ್ತು ಫೋನುಗಳು. "ಎಲ್ಲಾ ರಿಪೇರಿ ಆಗಿರೋವೇ. ಯಾರೂ ಬರ್ಲಿಲ್ಲ."

ಪೂರ್ತಿ ಕೊಟ್ಟು ಬಂದೆ. ಎರಡು ದಿನ ಅಂದದ್ದು ಹದಿನೈದು ದಿನವಾಯಿತು. ಅಷ್ಟೂ ದಿನ ನನ್ನ ದುಡ್ಡು, ನನ್ನ ಫೋನು ಎರಡೂ ಅವರಲ್ಲಿ. ನನ್ನ ಜೇಬಿನಲ್ಲಿ ಒಂದು ಚೀಟಿ. ಹಳೆಯ ಕಾಗದಪತ್ರಗಳ ನಡುವೆ ದಿನ ಕಳೆಯುವವನಿಗೆ ಇಂಥ ಸಿಟ್ಟೂ ಕೊನೆಗೆ ಇತಿಹಾಸದ ಪ್ರಶ್ನೆಯಾಗಿಬಿಡುತ್ತದೆ. ರಿಪೇರಿ ಮಾಡುವವನನ್ನು ಹಿಂದೆ ಕಾಯುತ್ತಿದ್ದದ್ದು ಏನು?

ಕಾನೂನಿನ ಮಟ್ಟಿಗೆ ಉತ್ತರ 1872ರ ಭಾರತೀಯ ಕರಾರು ಅಧಿನಿಯಮದಲ್ಲಿದೆ. ಅದರ 170ನೇ ಸೆಕ್ಷನ್ ಪ್ರಕಾರ, ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕುಶಲತೆ ವ್ಯಯಿಸಿದವನು ಕೂಲಿ ಸಿಗುವವರೆಗೆ ಅದನ್ನು ಹಿಡಿದಿಟ್ಟುಕೊಳ್ಳಬಹುದು. ಸೆಕ್ಷನ್‌ನ ಜೊತೆಗೇ ಎರಡು ಉದಾಹರಣೆಗಳಿವೆ. ಒರಟು ವಜ್ರವನ್ನು ಕತ್ತರಿಸಿ ಹೊಳಪು ಕೊಟ್ಟ ರತ್ನದ ವ್ಯಾಪಾರಿ ತನ್ನ ಹಣ ಬರುವ ತನಕ ಅದನ್ನು ಕೊಡಬೇಕಾಗಿಲ್ಲ. ಆದರೆ ಕೋಟು ಹೊಲಿದ ಕೂಡಲೇ ಕೊಡುತ್ತೇನೆ, ಮೂರು ತಿಂಗಳು ಸಾಲವಿರಲಿ ಎಂದು ಮಾತು ಕೊಟ್ಟ ದರ್ಜಿ ಆ ಕೋಟನ್ನು ತಡೆಹಿಡಿಯುವಂತಿಲ್ಲ. ಉದಾಹರಣೆಗೆ ವಜ್ರವನ್ನೇ ಆರಿಸಿಕೊಂಡದ್ದು ಸ್ವಾರಸ್ಯಕರ. ವಜ್ರವನ್ನು ಯಾರು ತಾನೇ ಬಿಟ್ಟುಹೋಗುತ್ತಾರೆ? ಕೂಲಿಗಿಂತ ವಸ್ತುವಿನ ಬೆಲೆ ಹೆಚ್ಚಿದ್ದಾಗ ಮಾತ್ರ ಈ ಹಕ್ಕಿಗೆ ಬಲ. ಗಿರವಿ ಇಟ್ಟುಕೊಂಡವನಿಗಾದರೆ ಅದೇ ಅಧಿನಿಯಮ, 176ನೇ ಸೆಕ್ಷನ್‌ನಲ್ಲಿ, ನೋಟಿಸ್ ಕೊಟ್ಟು ಮಾರುವ ದಾರಿ ತೋರಿಸುತ್ತದೆ. ರಿಪೇರಿಯವನಿಗೆ 170ನೇ ಸೆಕ್ಷನ್ ಕೊಡುವುದು ಇಟ್ಟುಕೊಳ್ಳುವ ಹಕ್ಕನ್ನು ಮಾತ್ರ. ಆ ಡ್ರಾಯರ್ ತುಂಬಿದ್ದು ಹೀಗೆ.

ಇಟ್ಟುಕೊಳ್ಳುವುದೇ ಸಾಕಾಗಿದ್ದ ಕಾಲವೂ ಇತ್ತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ಕೈಗಡಿಯಾರದ ಕಾರ್ಖಾನೆ ಶುರುವಾಯಿತು. ಕೀಲಿ ಕೊಡುವ ಆ ಗಡಿಯಾರಗಳ ರಿಪೇರಿಯಲ್ಲಿ ಬಿಡಿಭಾಗಕ್ಕಿಂತ ಕೈಕೆಲಸವೇ ದೊಡ್ಡದು: ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಮತ್ತೆ ಜೋಡಿಸುವುದು. ಗಿರಾಕಿ ತಡಮಾಡಿದರೆ ಹೋಗುವುದು ಅರ್ಧ ದಿನದ ಶ್ರಮ, ಆದರೆ ಗಡಿಯಾರ ಕೈಯಲ್ಲೇ ಇರುತ್ತಿತ್ತು. 1949ರಿಂದ ಕೈಗಾರಿಕಾ ಉಪನಗರವಾಗಿ ಬೆಳೆದ ರಾಜಾಜಿನಗರದಲ್ಲಿ ಇನ್ನೊಂದು ಅನುಕೂಲವಿತ್ತು. ಪಂಪಿನದೋ ಗ್ರೈಂಡರಿನದೋ ಬುಷ್ ಸವೆದರೆ ಪಕ್ಕದ ಬೀದಿಯ ಲೇತ್‌ನಲ್ಲಿ ಕಡೆಸಿ ಹಾಕಬಹುದಿತ್ತು. ಫೋನಿನ ಡಿಸ್‌ಪ್ಲೇಯನ್ನು ಯಾವ ಲೇತೂ ಕಡೆಯಲಾರದು. ಅಂಗಡಿಯವರು ಮೊದಲು ತಮ್ಮ ಕೈಯಿಂದ ದುಡ್ಡು ಹಾಕಬೇಕು. ಆ ಮಾಡೆಲ್‌ಗಲ್ಲದೆ ಇನ್ನೊಂದಕ್ಕೆ ಅದು ಕೂರುವುದಿಲ್ಲ. ಬಿಡಿಭಾಗಕ್ಕೆ ಮುಂಗಡ ಕೇಳುವುದನ್ನು ತಪ್ಪೆನ್ನಲು, ಸಿಟ್ಟಿನಲ್ಲಿದ್ದರೂ, ನನಗೆ ಆಗುವುದಿಲ್ಲ.

ಆದರೆ ಮುಂಗಡಕ್ಕೆ ಕನ್ನಡದಲ್ಲಿ ಇನ್ನೊಂದು ಹಳೆಯ ಮಾತಿದೆ: ಸಂಚಕಾರ. ಇಂದು ಅದು ಹೆಚ್ಚಾಗಿ "ಪ್ರಾಣಕ್ಕೆ ಸಂಚಕಾರ" ಎಂಬಲ್ಲಿ ಮಾತ್ರ ಉಳಿದಿದೆ (ಯಮನಿಗೆ ಅಡ್ವಾನ್ಸ್ ಕೊಟ್ಟಂತೆ ಎಂಬ ಭಾವವಿರಬೇಕು). ಮೂಲ ಸಂಸ್ಕೃತದ 'ಸತ್ಯಂಕಾರ', ಅಂದರೆ ಮಾತನ್ನು ಸತ್ಯವಾಗಿಸುವುದು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಇದರ ಬಗ್ಗೆ ಒಂದು ನಿಯಮವಿದೆ. ಅದನ್ನು ಬಿಡಿಸಿ ಹೇಳಿದವನು ನಮ್ಮ ನೆಲದವನೇ: ಚಾಲುಕ್ಯ ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರ. ವ್ಯವಹಾರ ನಡೆಯಲೆಂದು ಒಬ್ಬ ಉಂಗುರವನ್ನೋ ಇನ್ನೇನನ್ನೋ ಎದುರಿನವನ ಕೈಗೆ ಕೊಟ್ಟಿದ್ದಾನೆ. ಕೊಟ್ಟವನೇ ಮಾತು ಮುರಿದರೆ ಉಂಗುರ ಹೋಯಿತು. ಪಡೆದವನು ಮುರಿದರೆ ಅದರ ಎರಡರಷ್ಟು ಹಿಂದಿರುಗಿಸಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಎರಡನೆಯ ಭಾಗ. ನಮ್ಮ ಅಂಗಡಿಗಳ ಅಡ್ವಾನ್ಸ್ ಮೊದಲ ಭಾಗವನ್ನು ಮಾತ್ರ ಉಳಿಸಿಕೊಂಡಿದೆ. ನನ್ನ ಚೀಟಿಯಲ್ಲಿ ನಾಲ್ಕು ಷರತ್ತುಗಳಿದ್ದವು: ಮುಂಗಡ ವಾಪಸಿಲ್ಲ, ತಿಂಗಳಾದರೆ ಜವಾಬ್ದಾರಿಯಿಲ್ಲ, ಡೇಟಾ ಹೋದರೆ ಹೊಣೆಯಲ್ಲ, ಚೀಟಿ ಇಲ್ಲದೆ ಫೋನಿಲ್ಲ. ನಾಲ್ಕೂ ನನಗೆ. ಪಾರ್ಟು ಎಂದು ಬರುತ್ತದೆ, ಬಾರದಿದ್ದರೆ ಏನು ಎಂಬುದಕ್ಕೆ ಒಂದು ಸಾಲೂ ಇಲ್ಲ. ಪೂರ್ತಿ ದುಡ್ಡು ತೆಗೆದುಕೊಳ್ಳಲಿ, ಆದರೆ ತಾರೀಖು ಬರೆದುಕೊಡಲಿ. ದಾಟಿದರೆ ದುಪ್ಪಟ್ಟು ಅಲ್ಲದಿದ್ದರೂ ಕೇಳಿದ ದಿನವೇ ಹಣ ವಾಪಸು ಬರಲಿ ಎನ್ನುವುದು ನನ್ನ ಪಕ್ಷ.

ಫೋನು ತರಲು ಹೋದಾಗ ಅಂಗಡಿಯವರಿಗೆ ವಿಜ್ಞಾನೇಶ್ವರನ ಉಂಗುರದ ಕಥೆ ಹೇಳಿದೆ. ಸ್ಕ್ರೂಡ್ರೈವರ್ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಕ್ಕು, "ಎಸ್‌ಪಿ ರೋಡಲ್ಲಿ ನಾನೂ ಪೂರ್ತಿ ಕ್ಯಾಶ್ ಕೊಟ್ಟೇ ತರೋದು ಸರ್. ಮೊದಲ್ನೇ ಪೀಸ್ ಡಿಫೆಕ್ಟ್ ಬಂತು, ಬದ್ಲಿ ಕೊಡೋಕೆ ಹತ್ತು ದಿನ ತಿರುಗ್ಸಿದ್ರು. ಅವ್ರು ನಂಗೆ ಡಬಲ್ ಕೊಟ್ಟಿದ್ರೆ ನಾನೂ ನಿಮ್ಗೆ ಕೊಡ್ತಿದ್ದೆ" ಎಂದರು.